ಯಾವ ಊರ್ರಿ ನಿಮ್ಮದು?

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರು ನಾನು ರಾಯಚೂರಿನ ಶಕ್ತಿನಗರದವನು ಎಂದು ತಿಳಿದ ಮೇಲೆ ನಗುತ್ತ ಹೇಳಿದರು: “ನಿಮ್ಮ ಕಡೆಯೋರು ಇಬ್ರು ಸೇರಿದ್ರೆ ಬಿಸಿಲು, ಬಸ್ಸು, ಊರು, ಇಷ್ಟೇ ಮಾತು. ಅದೂ ಆ ಕನ್ನಡದಲ್ಲಿ. ಅರ್ಧ ಅರ್ಥವೇ ಆಗಲ್ಲ.” ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಎರಡನೇ ಸಲ ಹೋಳಿಗೆ ಬಂದಾಗ ನನ್ನ ಎಲೆಗೂ ಹಾಕಿಸಿದರು. ಆದರೆ ಅವರ ಮಾತಿನೊಳಗೆ ಎರಡು ನಂಬಿಕೆಗಳಿದ್ದವು. ಹವಾಮಾನ, ಪ್ರಯಾಣದ ಮಾತು ಪೊಳ್ಳು ಎಂಬುದು ಒಂದು. ನುಡಿಯ ಧಾಟಿ ಬೇರೆಯಾದರೆ ಅದು ದೋಷ ಎಂಬುದು ಇನ್ನೊಂದು. ಎರಡೂ ತಪ್ಪು ಎಂದು ನಾನು ನಂಬಿದ್ದೇನೆ.

ಶಕ್ತಿನಗರದಲ್ಲಿ ಬಸ್ಸಿಗೆ ಕಾಯುವವರ ಮಾತನ್ನು ಕಿವಿಗೊಟ್ಟು ಕೇಳಬೇಕು. “ಎಲ್ಲಿಗ್ ಹೊಂಟ್ರಿ?” “ದೇವದುರ್ಗಕ್ರಿ. ನೀವು?” “ಮಾನ್ವಿಗಿ. ಮಳಿ ಹೆಂಗದ ನಿಮ್ ಕಡಿ?” “ಒಂದ್ ಹನಿ ಇಲ್ರಿ. ಕಾಲುವಿಗಿ ನೀರ್ ಬಿಟ್ರ ನಮ್ದು ನಡೀತದ.” ಹೊರಗಿನವರಿಗೆ ಇದು ಹೊತ್ತು ಕಳೆಯುವ ಮಾತು. ಆದರೆ ರಾಯಚೂರು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸೀಮೆ. ದೇವದುರ್ಗ ಎಂದವನ ಹೊಲ ನೋಡುವುದು ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆಯನ್ನು. ಮಾನ್ವಿ ಎಂದವನ ಗದ್ದೆ ಕಾಯುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು, ಅದೂ ಮೇಲಿನವರೆಲ್ಲ ಬಳಸಿ ಬಿಟ್ಟ ಮೇಲೆ. ಊರಿನ ಹೆಸರು ಹೇಳಿದ ಕೂಡಲೇ ಯಾವ ಹೊಳೆ, ಯಾವ ಕಾಲುವೆ, ಈ ವರ್ಷ ಬಿತ್ತನೆ ಆಯಿತೋ ಇಲ್ಲವೋ ಎಂಬ ಲೆಕ್ಕ ಕೇಳುವವನಿಗೆ ಅರ್ಧ ಗೊತ್ತಾಗಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಆ ವಾರವೆಲ್ಲ ಬಸ್ಸಿನಲ್ಲಿ ಗುರುತಿಲ್ಲದವರೂ ಕೇಳುತ್ತಿದ್ದುದು ಒಂದೇ: “ಗೇಟ್ ಏನಾತ್ರಿ?” ಅದನ್ನು ಪೊಳ್ಳು ಮಾತು ಎನ್ನುವ ಧೈರ್ಯ ನನಗಿಲ್ಲ.

ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲಿ ಇಂಥ ಮಾತಿನ ಬಗ್ಗೆ ಬರೆದ. ಹೇಗಿದ್ದೀರಿ, ಎಲ್ಲಿಂದ ಬಂದಿರಿ, ಹವೆ ಚೆನ್ನಾಗಿದೆ ಎಂಬ ಮಾತುಗಳಲ್ಲಿ ಅರ್ಥಕ್ಕಿಂತ ಬೆಸುಗೆಯೇ ಮುಖ್ಯ, ಮೌನವು ಅಪರಿಚಿತರ ನಡುವೆ ಅಂಜಿಕೆ ಹುಟ್ಟಿಸುತ್ತದೆ, ಮಾತು ಅದನ್ನು ಕರಗಿಸುತ್ತದೆ ಎಂಬುದು ಅವನ ವಾದ. ದೊಡ್ಡ ಒಳನೋಟ. ಆದರೆ ನಮ್ಮ ಸೀಮೆಗೆ ಅದು ಸಾಲದು. ಇಲ್ಲಿ ಬೆಸುಗೆಯೂ ಇದೆ, ಸುದ್ದಿಯೂ ಇದೆ. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ, ನಾವು ಆರ್‌ಟಿಪಿಎಸ್ ಎನ್ನುವುದು, 1985ರಿಂದ ನಡೆಯುತ್ತಿದೆ. ಈಗ ಅದರಲ್ಲಿ ಎಂಟು ಘಟಕ, ಒಟ್ಟು 1720 ಮೆಗಾವಾಟ್. ದೂರದ ಶರಾವತಿ ಕಣಿವೆಯಲ್ಲಿ ಮಳೆ ಚೆನ್ನಾಗಿ ಬಿದ್ದರೆ ಅಲ್ಲಿ ಜಲವಿದ್ಯುತ್ ಹೆಚ್ಚುತ್ತದೆ, ರೈತರ ಪಂಪ್‌ಸೆಟ್ಟುಗಳು ಸುಮ್ಮನಾಗುತ್ತವೆ, ಇಲ್ಲಿ ಒಂದೊಂದೇ ಘಟಕ ನಿಲ್ಲುತ್ತದೆ. ಮಳೆ ಕೈಕೊಟ್ಟರೆ ಎಲ್ಲವೂ ಓಡಬೇಕು. ಕಾಲೋನಿಯಲ್ಲಿ ಪಾಳಿ ಮುಗಿಸಿ ಬಂದವನನ್ನು “ಮಳಿ ಏನಂತ?” ಎಂದು ಕೇಳಿದರೆ ಅವನು ಆಕಾಶ ನೋಡುವುದಿಲ್ಲ, ಎಷ್ಟು ಘಟಕ ಬಂದ್ ಆಗಿವೆ ಎಂದು ಹೇಳುತ್ತಾನೆ. ಮೊಬೈಲಿನಲ್ಲಿ ಹವಾಮಾನ ಸಿಗುವಾಗ ಇದೆಲ್ಲ ಯಾಕೆ ಎನ್ನುವವರು ಮಾತಿಗೂ ಮಾಹಿತಿಗೂ ವ್ಯತ್ಯಾಸ ತಿಳಿಯದವರು.

ಇನ್ನು ಧಾಟಿಯ ವಿಷಯ. ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಕಾಲ್ ಸೆಂಟರ್ ಕೆಲಸಕ್ಕೆ ಸೇರಿದಾಗ ಅವನ ಇಂಗ್ಲಿಷಿನಿಂದ ಊರಿನ ವಾಸನೆ ತೆಗೆಯಲು ವಾರಗಟ್ಟಲೆ ತರಬೇತಿ ಕೊಟ್ಟರು. ಆಮೇಲೆ ಕೆಲಸದ ಮೇಲೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದ. ಮೊದಲ ತಿಂಗಳು ಫೋನಿನಲ್ಲಿ ಅವನು ಹೇಳಿದ್ದು: “ಕಾಕಾ, ಇವ್ರ ಇಂಗ್ಲಿಷ್ ನನಗ ತಿಳಿವಲ್ದು.” ಯಾವ ಧಾಟಿಗಾಗಿ ಅವನ ನಾಲಿಗೆ ತಿದ್ದಿದ್ದರೋ ಆ ಧಾಟಿ ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಲಂಡನ್ನಿನವರದು ಒಂದು, ಲಿವರ್‌ಪೂಲಿನವರದು ಒಂದು, ಐರ್ಲೆಂಡಿನಿಂದ ಬಂದವರದು ಮತ್ತೊಂದು. ಎಲ್ಲರೂ ಬೆಳಿಗ್ಗೆ ಮಳೆಯಿಂದಲೇ ಮಾತು ಶುರುಮಾಡುತ್ತಿದ್ದರಂತೆ. ಅಲ್ಲಿಯೂ ಧಾಟಿಯ ಮೇಲೆ ಅಂತಸ್ತು ಅಳೆಯುವ ರೋಗ ಹಳೆಯದು. ಬರ್ನಾರ್ಡ್ ಶಾ ‘ಪಿಗ್ಮೇಲಿಯನ್’ ನಾಟಕ ಬರೆದದ್ದೇ ಅದನ್ನು ಹಿಡಿದು. ಆ ರೋಗವನ್ನು ನಾವು ಇಂಗ್ಲಿಷಿನ ಜೊತೆಗೇ ತಂದುಕೊಂಡು ಕನ್ನಡಕ್ಕೂ ಅಂಟಿಸಿದ್ದೇವೆ.

‘ಮಳಿ’ ಎಂಬ ಒಂದು ಪದವನ್ನೇ ನೋಡಿ. ರಾಯಚೂರಿನ ಹುಡುಗ ಹೊರಗೆ ಹೋಗಿ ‘ಮಳಿ’, ‘ಮನಿ’ ಎಂದರೆ ನಗುತ್ತಾರೆ, ‘ಮಳೆ’ ಶುದ್ಧ, ‘ಮಳಿ’ ಅಪಭ್ರಂಶ ಎಂದು. ಹಳಗನ್ನಡದಲ್ಲಿ ಈ ಪದ ‘ಮೞೆ’ ಆಗಿತ್ತು. ಆ ‘ೞ’ ಅಕ್ಷರದ ಉಚ್ಚಾರವನ್ನು ತಮಿಳರು ಇಂದಿಗೂ ಉಳಿಸಿಕೊಂಡಿದ್ದಾರೆ, ಕನ್ನಡಿಗರೆಲ್ಲರೂ ಬಿಟ್ಟರು. 13ನೇ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ‘ೞ’ ಇರುವ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು. ಎಲ್ಲಿ ಅದನ್ನು ಬಳಸಬೇಕೆಂಬುದು ಆಗಲೇ ಜನರ ಕಿವಿಯಿಂದ ಜಾರುತ್ತಿತ್ತು. ಅಂದಮೇಲೆ ಮೈಸೂರಿನವರು ನಡುವಿನ ಅಕ್ಷರ ಬದಲಿಸಿದರು, ನಾವು ಅದರ ಜೊತೆಗೆ ಕೊನೆಯ ಸ್ವರವನ್ನೂ ಬದಲಿಸಿದೆವು. ಒಂದು ಬದಲಾವಣೆಗೆ ಶುದ್ಧವೆಂಬ ಹೆಸರು, ಇನ್ನೊಂದಕ್ಕೆ ನಗೆ. ಇದರಲ್ಲಿ ಭಾಷೆಯ ತರ್ಕವೇನೂ ಇಲ್ಲ. ರಾಜಧಾನಿ ಎಲ್ಲಿತ್ತು, ಪಠ್ಯಪುಸ್ತಕ ಎಲ್ಲಿ ಅಚ್ಚಾಯಿತು ಎಂಬುದಷ್ಟೇ ಇದೆ. ನಾವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದೆವು. ನಮ್ಮ ಹಿರಿಯರ ಶಾಲೆಯಲ್ಲಿ ಉರ್ದು, ಹೊಳೆಯಾಚೆ ತೆಲುಗು, ಮನೆಯಲ್ಲಿ ಕನ್ನಡ. ಆ ಮೂರೂ ನಮ್ಮ ಬಾಯಲ್ಲಿವೆ. ನಮ್ಮದು ಬೆರಕೆ ಕನ್ನಡ ಎನ್ನುವವರು ಜಿಲ್ಲೆ, ತಾಲೂಕು, ಅರ್ಜಿ, ಜಮೀನು, ಹಾಜರಿ ಎಂಬ ಪದಗಳಿಲ್ಲದೆ ಒಂದು ದಿನ ಕಚೇರಿ ನಡೆಸಿ ನೋಡಲಿ.

ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಈ ಪ್ರಶ್ನೆಯನ್ನು ನಮಗಿಂತ ಚೆನ್ನಾಗಿ ಬಲ್ಲದು. ಅದು ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಮಾತಾಡುತ್ತದೆ. ದೇಸಿಗಳು ಬೇರೆ ಬೇರೆಯಾದ್ದರಿಂದ ಅವುಗಳಲ್ಲಿ ದೋಷ ಇಷ್ಟೇ ಎಂದು ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಅದೇ ಕೃತಿ ಕನ್ನಡದ ತಿರುಳಿರುವ ನಾಡನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆ ಕೊಪಣವನ್ನು ಹೆಸರಿಸುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ, 1997ರವರೆಗೆ ಅದು ರಾಯಚೂರು ಜಿಲ್ಲೆಯಲ್ಲೇ ಇತ್ತು. ನಮ್ಮ ಕನ್ನಡವೇ ಮೇಲು ಎಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಮೇಲು ಕೀಳಿನ ಏಣಿಯನ್ನು ತಿರುವಿಹಾಕಿ ನಾವು ತುದಿಗೆ ಕೂರುವುದು ನನಗೆ ಬೇಡ. ಏಣಿಯೇ ಬೇಡ.

ನನ್ನ ಕೋಪ ಸಿನಿಮಾಗಳ ಮೇಲೆ ಇದೆ. ಎಷ್ಟೋ ಚಿತ್ರಗಳಲ್ಲಿ ನಾಯಕ ಒಂದು ಕನ್ನಡ ಆಡುತ್ತಾನೆ, ನಮ್ಮ ಕನ್ನಡ ಬರುವುದು ನಗೆಪಾತ್ರದ ಬಾಯಲ್ಲಿ. ಅದನ್ನು ನೋಡಿ ಬೆಳೆದ ನಮ್ಮ ಮಕ್ಕಳು ಬೆಂಗಳೂರಿನ ಹಾಸ್ಟೆಲಿಗೆ ಹೋದ ಆರು ತಿಂಗಳಿಗೆ ಅವ್ವನ ಜೊತೆ ಫೋನಿನಲ್ಲಿ ಮಾತಾಡಲು ವರಾಂಡದ ಮೂಲೆಗೆ ಹೋಗುತ್ತಾರೆ, ದನಿ ತಗ್ಗಿಸುತ್ತಾರೆ. ಅವ್ವನ ಭಾಷೆಯನ್ನು ಪಿಸುಮಾತಿನಲ್ಲಿ ಆಡುವಂತೆ ಮಾಡುವುದು ಕ್ರೌರ್ಯ.

ಒಂದು ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಪಠ್ಯ, ಪತ್ರಿಕೆ, ನ್ಯಾಯಾಲಯಕ್ಕೆ ಎಲ್ಲರಿಗೂ ತಿಳಿಯುವ ಒಂದು ಬರಹದ ಕನ್ನಡ ಬೇಕು. ಈ ಪ್ರಬಂಧವನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಅದು ಎಲ್ಲರೂ ನಡೆಯುವ ರಸ್ತೆ, ಅದರ ಮೇಲೆ ನನಗೆ ಗೌರವವಿದೆ. ಮನೆಯ ಅಂಗಳವನ್ನೂ ರಸ್ತೆ ಮಾಡಿ ಎಂದಾಗ ಮಾತ್ರ ನಾನು ಒಪ್ಪುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ದಲಿತ ಕೇರಿಯಿಂದ ಬಂದು ಮೇಷ್ಟ್ರಾದ ನನ್ನ ಗೆಳೆಯರೊಬ್ಬರು ಒಮ್ಮೆ ಹೇಳಿದರು: “ಊರ್ ಯಾವುದು ಅಂತ ಕೇಳಿದ ಕೂಡ್ಲೆ ನನ್ನ ಎದಿ ಹೊಡಕೋತದ. ಮುಂದಿನ ಪ್ರಶ್ನಿ ಏನಂತ ನನಗ ಗೊತ್ತಿರ್ತದ.” ಅವರ ಮಾತು ಖರೆ. ಯಾವ ಊರು ಎಂಬುದು ಯಾವ ಓಣಿ ಆಗುತ್ತದೆ, ಯಾರ ಪೈಕಿ ಆಗುತ್ತದೆ, ಆಮೇಲೆ ನೀರಿನ ಲೋಟ ಕೊಡುವ ಕೈ ತಡೆಯುತ್ತದೆ. ನಾನು ಹೊಗಳುತ್ತಿರುವ ಈ ಕುಶಲದ ಮಾತೇ ನಮ್ಮಲ್ಲಿ ಜಾತಿ ಹುಡುಕುವ ದಾರಿಯೂ ಆಗಿದೆ. ಇದಕ್ಕೆ ಉತ್ತರ ಹುಡುಕಲು ನನಗೆ ಬಹಳ ದಿನ ಹಿಡಿಯಿತು. ಬಸ್ಸಿಗೆ ಕಾಯುವ ಆ ಇಬ್ಬರ ಮಾತಿನಲ್ಲಿ ಅದು ಸಿಕ್ಕಿತು. ಒಬ್ಬನು ಕೇಳಿದ, ಇನ್ನೊಬ್ಬನು ಹೇಳಿ ತಿರುಗಿ ಕೇಳಿದ, ಮೊದಲನೆಯವನೂ ಹೇಳಿದ, ಅಲ್ಲಿಂದ ಮಾತು ಮಳೆಗೆ ಹೋಯಿತು, ಮನೆತನಕ್ಕೆ ಹೋಗಲಿಲ್ಲ. ತನ್ನದನ್ನು ಮುಚ್ಚಿಟ್ಟು ಎದುರಿನವನದನ್ನಷ್ಟೇ ಕೆದಕಿದರೆ ಅದು ವಿಚಾರಣೆ, ಮಾತುಕತೆಯಲ್ಲ.

ಮುಂದಿನ ಸಲ ರೈಲಿನಲ್ಲೋ ಬಸ್ಸಿನಲ್ಲೋ ಯಾರಾದರೂ “ಮಳಿ ಇಲ್ರಿ” ಎಂದರೆ ನಗಬೇಡಿ. ಮೊದಲು ನಿಮ್ಮ ಊರು ಹೇಳಿ, ಆಮೇಲೆ ಅವರದನ್ನು ಕೇಳಿ. ಅವರು ದೇವದುರ್ಗ ಎಂದರೆ, ಕಾಲುವೆಗೆ ನೀರು ಬಂತಾ ಎಂದು ವಿಚಾರಿಸಿ.