ತಾಳಿಯ ಮಾತಿಗೆ ಮೊದಲು

ಮೈಸೂರಿನ ಗೋಕುಲಂನ ಕಾಂಟೂರ್ ರಸ್ತೆಯ ಆಸುಪಾಸಿನ ಮನೆಗಳಿಗೆ ಮಂಚೇಗೌಡನಕೊಪ್ಪಲು, ಪಡುವಾರಹಳ್ಳಿ, ಮೇಟಗಳ್ಳಿ ಕಡೆಯಿಂದ ಬೆಳಿಗ್ಗೆ ಕೆಲಸಕ್ಕೆ ಹೆಂಗಸರು ಬರುತ್ತಾರೆ. ಅವರಲ್ಲೊಬ್ಬರು ಒಂದು ದಿನ ಪಾತ್ರೆ ತೊಳೆಯುತ್ತಾ, ತಲೆ ಎತ್ತದೆ, ‘ಅಕ್ಕಾ, ಮಗಳು ಮೂರು ತಿಂಗಳಿಂದ ಮುಟ್ಟಾಗಿಲ್ಲ’ ಎಂದರೆ ಏನು ಹೇಳುತ್ತೀರಿ? ಮಗಳಿಗೆ ಹದಿನಾರು. ಮದುವೆಯಾಗಿಲ್ಲ. ಇಂಥ ಸುದ್ದಿ ಎಷ್ಟೋ ಸಲ ಡಾಕ್ಟರಿಗಿಂತ, ಪೊಲೀಸರಿಗಿಂತ ಮೊದಲು ಹೊರಬೀಳುವುದು ನಂಬಿದ ಅಡುಗೆಮನೆಯಲ್ಲಿ. ಇದು ಬಡವರ ಮನೆಯ ಸಂಕಟ ಮಾತ್ರ ಎಂದುಕೊಳ್ಳಬೇಡಿ. ಮಹಡಿ ಮನೆಯವರು ಗುರುತಿನವರಿಲ್ಲದ ಊರಿನ ನರ್ಸಿಂಗ್ ಹೋಂಗೆ ಕಾರಿನಲ್ಲಿ ಹೋಗಿಬರುತ್ತಾರೆ, ಅಷ್ಟೇ.

ಆ ಗಳಿಗೆಯಲ್ಲಿ ನಮ್ಮ ಬಾಯಿಗೆ ಬರುವ ಮೊದಲ ಮಾತು ಒಂದೇ: ‘ಹುಡುಗ ಯಾರು ಅಂತ ಕೇಳಿ, ತಾಳಿ ಕಟ್ಟಿಸಿಬಿಡಿ.’ ಒಳ್ಳೆಯದಾಗಲೆಂದೇ ಹೇಳುತ್ತೇವೆ. ಆದರೆ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಆರಂಭದಿಂದಲೇ ಅಸಿಂಧು. ಆ ತಾಳಿಗೆ ಕಾನೂನಿನ ಬೆಲೆ ಇಲ್ಲ. ಕಟ್ಟಿಸಿದವರ ಮೇಲೂ ಕೇಸು ಬೀಳುತ್ತದೆ. ಇನ್ನೂ ಕಹಿಯಾದ ಮಾತೊಂದಿದೆ. ಬಸುರಿಗೆ ಕಾರಣನಾದವನು ಓರಗೆಯ ಹುಡುಗನೇ ಆಗಿರಬೇಕೆಂದಿಲ್ಲ, ಮನೆಯೊಳಗಿನ ಹಿರಿಯನೂ ಆಗಿರಬಹುದು. ಹುಡುಗಿಯನ್ನು ಒಬ್ಬಳೇ ಕೂರಿಸಿಕೊಂಡು, ಅವಸರಪಡಿಸದೆ ಕೇಳುವವರೆಗೆ ಅದು ಹೊರಬರುವುದಿಲ್ಲ.

ಇಲ್ಲೇ ಸಮಾಜಕಾರ್ಯಕರ್ತೆ ಬೇಕಾಗುವುದು. ಗೋಕುಲಂಗೆ ದೂರವಲ್ಲದ ಮಾನಸಗಂಗೋತ್ರಿಯಲ್ಲಿ ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದಿಸುತ್ತಾರೆ; ಆದರೂ ಆ ಓದಿನವರು ಮಾಡುವ ಕೆಲಸವೇನೆಂದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರು ಬುದ್ಧಿ ಹೇಳಲು ಬರುವವರಲ್ಲ. ಇಂಥ ಮನೆಯಲ್ಲಿ ಅಪ್ಪ ಮಾತು ಬಿಟ್ಟಿರುತ್ತಾನೆ. ‘ನೀನು ಬೆಳೆಸಿದ್ದೇ ಹೀಗೆ’ ಎಂದು ಅಮ್ಮನ ಮೇಲೆ ಎಲ್ಲರ ಬೆರಳು. ಏನೂ ಅರಿಯದ ತಂಗಿಯನ್ನು ಶಾಲೆ ಬಿಡಿಸಿರುತ್ತಾರೆ. ಹೀಗೆ ಒಂದು ಮನೆಯಲ್ಲಿ ಮೂವರು ನಾಲ್ವರು ಬೇರೆ ಬೇರೆ ಬಗೆಯಲ್ಲಿ ನೋಯುತ್ತಿರುವಾಗ, ಪ್ರತಿಯೊಬ್ಬರ ಜೊತೆಗೂ ಬೇರೆ ಬೇರೆಯಾಗಿ ಕೂರಬೇಕು. ಸಂಬಂಧ ಪೂರ್ತಿ ಹರಿಯದಂತೆ ಕಾಯಬೇಕು. ಹೆರಿಗೆ ವಾರ್ಡಿನಿಂದ ಹುಡುಗಿ ಮರಳುವುದು ಬಹುಮಟ್ಟಿಗೆ ಅದೇ ಮನೆಗೆ. ಮನೆಯೇ ಅಪಾಯವಾದರೆ ಬೇರೆ ಆಸರೆ ಹುಡುಕುವ ಕೆಲಸವೂ ಅವರದೇ.

ಹದಿನೆಂಟು ತುಂಬದವಳಾದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ. ‘ಅವಳೇ ಒಪ್ಪಿದ್ದಳು’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. ಜನ ಹೆದರುವುದು ಇದಕ್ಕೇ: ‘ಪೇಪರ್‌ನಲ್ಲಿ ಬಂದರೆ?’ ಆದರೆ ಹೆಸರು, ವಿಳಾಸ, ಶಾಲೆ ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಹುಡುಗಿಯನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಆ ಸಮಿತಿ ಆಸ್ಪತ್ರೆಗೂ ಕೋರ್ಟಿಗೂ ಜೊತೆಯಲ್ಲಿ ಬರಲು ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ನೇಮಿಸಬಹುದು. ಇಂಥದೊಂದು ನೆರವು ಇದೆಯೆಂದು ತಿಳಿಯದೆ ಎಷ್ಟೋ ತಾಯಂದಿರು ಒಬ್ಬರೇ ಓಡಾಡುತ್ತಾರೆ. ಕೇಳಿ ಪಡೆಯಿರಿ. ಎಲ್ಲಿಂದ ಶುರುಮಾಡಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಎಳೆಯ ಮೈಗೆ ರಕ್ತಹೀನತೆ, ಏರು ರಕ್ತದೊತ್ತಡ ಎರಡೂ ಅಪಾಯ. ಇರ್ವಿನ್ ರಸ್ತೆಯ ಚೆಲುವಾಂಬ ಆಸ್ಪತ್ರೆ ಇರುವುದೇ ಹೆಂಗಸರು ಮಕ್ಕಳಿಗಾಗಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರಿಗೆ 24 ವಾರದವರೆಗೂ ಗರ್ಭಪಾತಕ್ಕೆ ಅವಕಾಶವಿದೆ. ಪೋಷಕರ ಲಿಖಿತ ಒಪ್ಪಿಗೆ ಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಭಯ ನೀಗಿಸಿತು: ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು ಹೇಳಬೇಕಿಲ್ಲ. ಇಟ್ಟುಕೊಳ್ಳುವುದೋ ಬೇಡವೋ ಎಂಬಲ್ಲಿ ಹುಡುಗಿಯ ಮನಸ್ಸೇ ಮುಖ್ಯ.

ಮಗು ಹುಟ್ಟಿದರೆ? ಸಾಕಲಾಗದು ಎನಿಸಿದರೆ ರಾತ್ರೋರಾತ್ರಿ ಯಾರದೋ ಕೈಗೆ ಕೊಡುವುದು ಬೇಡ, ಅದೂ ಅಪರಾಧ. ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಅಲ್ಲಿ ಮೊದಲು ಆಪ್ತ ಸಮಾಲೋಚನೆ ನಡೆಯುತ್ತದೆ, ಒಪ್ಪಿಸಿದ ಮೇಲೂ ಮರುಯೋಚನೆಗೆ ಎರಡು ತಿಂಗಳ ಸಮಯವಿದೆ. ನನಗೆ ಈ ಎಲ್ಲ ಕಾನೂನುಗಳಲ್ಲೇ ಹೆಚ್ಚು ಕರುಣೆಯುಳ್ಳದ್ದಾಗಿ ಕಂಡಿದ್ದು ಈ ಎರಡು ತಿಂಗಳು. ಹೆತ್ತು ವಾರವೂ ಆಗದ ಹುಡುಗಿ ಮನೆಯವರ ಕಣ್ಣೀರಿಗೆ ಮಣಿದು ಹಾಕಿದ ಸಹಿ, ಅವಳ ಕೊನೆಯ ಮಾತಾಗಿರಬೇಕಿಲ್ಲ.

ಸಾಕುತ್ತೇನೆ ಎಂದವಳಿಗೆ ಮೊದಲ ಅಡ್ಡಿ ಜನನ ಪತ್ರದ ಅರ್ಜಿಯಲ್ಲಿನ ‘ತಂದೆಯ ಹೆಸರು’. ಅವಿವಾಹಿತ ತಾಯಿಯ ಅಫಿಡವಿಟ್ ಸಾಕು, ತಂದೆಯ ಹೆಸರಿಲ್ಲದೆಯೂ ಜನನ ಪತ್ರ ಕೊಡಬೇಕೆಂದು 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೌಂಟರಿನಲ್ಲಿ ಇದನ್ನು ಗಟ್ಟಿಯಾಗಿ ಹೇಳಲು ಜೊತೆಗೊಬ್ಬರು ಬೇಕು. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು.

ಇನ್ನು ಓದು. ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಕೂರಬಹುದು. ಆ ಮೂರು ಗಂಟೆ ಕೂಸನ್ನು ಎತ್ತಿಕೊಳ್ಳುವವರು ಯಾರು ಎಂಬುದನ್ನು ಅಜ್ಜಿಯ ಪಕ್ಕ ಕೂತು ಗೊತ್ತುಮಾಡುವುದೂ ಸಮಾಜಕಾರ್ಯಕರ್ತೆಯ ಕೆಲಸವೇ.