ಒಂಟಿ ದನಿಯ ಹಿಂದಿನ ತಾಳ ಯಾರದು?

ಕಾಫಿ ಎಂದರೆ ನಮಗೆ ನೆನಪಾಗುವುದು ಚಿಕ್ಕಮಗಳೂರು, ಕೊಡಗು. ಜಮೈಕಾದ ಯುವಜನರಿಗೆ ಅದು ಒಬ್ಬ ಗಾಯಕಿಯ ಹೆಸರೂ ಹೌದು. ನಿಜ ಹೆಸರು ಮಿಕೈಲಾ ಸಿಂಪ್ಸನ್. ಹುಟ್ಟಿದ್ದು 2000ದ ಫೆಬ್ರುವರಿಯಲ್ಲಿ, ಸ್ಪ್ಯಾನಿಷ್ ಟೌನ್ ಎಂಬ ಊರಿನಲ್ಲಿ. ಬಿರುಬಿಸಿಲಿನ ದಿನ ಗೆಳೆಯರೆಲ್ಲ ಸೋಡಾ ಕುಡಿಯುವಾಗ ಈಕೆ ಕಾಫಿ ಕುಡಿದಳಂತೆ. ಅಡ್ಡಹೆಸರು ಹಾಗೇ ಅಂಟಿಕೊಂಡಿತು.

ತಾಯಿಯೊಬ್ಬರೇ ಬೆಳೆಸಿದ ಮಗಳು. ಚರ್ಚ್‌ನ ಗಾಯನ ತಂಡದಲ್ಲಿ ಹಾಡುತ್ತಾ, ಗೆಳತಿಯಿಂದ ಕಡ ತಂದ ಗಿಟಾರ್‌ನಲ್ಲಿ ತಾನೇ ನುಡಿಸಲು ಕಲಿತಳು. 2017ರಲ್ಲಿ ಓಟಗಾರ ಉಸೇನ್ ಬೋಲ್ಟ್ ಕುರಿತು ಹಾಡು ಕಟ್ಟಿ ಇನ್‌ಸ್ಟಾಗ್ರಾಂಗೆ ಹಾಕಿದಳು. ಬೋಲ್ಟ್ ಅದನ್ನು ಹಂಚಿಕೊಂಡದ್ದೇ ತಡ, ದೇಶವೆಲ್ಲ ಕೇಳಿತು. 2019ರಲ್ಲಿ ಬಂದ ಐದೇ ಹಾಡುಗಳ 'ರ್‍ಯಾಪ್ಚರ್' 2020ರ ಜನವರಿಯಲ್ಲಿ ಅತ್ಯುತ್ತಮ ರೆಗೆ ಆಲ್ಬಮ್‌ಗಿರುವ ಗ್ರ್ಯಾಮಿ ಪಡೆಯಿತು. ಆಗ ಆಕೆಗೆ ಇಪ್ಪತ್ತೂ ತುಂಬಿರಲಿಲ್ಲ. ಆ ಪ್ರಶಸ್ತಿಯನ್ನು ಏಕವ್ಯಕ್ತಿಯಾಗಿ ಗೆದ್ದ ಮೊದಲ ಮಹಿಳೆಯೂ ಆಕೆಯೇ.

2022ರಲ್ಲಿ 'ಗಿಫ್ಟೆಡ್' ಆಲ್ಬಮ್ ಬಂತು. ಅದು ಶುರುವಾಗುವುದು ಬಾಬ್ ಮಾರ್ಲಿಯ 'ರಿಡೆಂಪ್ಶನ್ ಸಾಂಗ್' ತುಣುಕಿನೊಂದಿಗೆ. ಮುಂದೆ ಹೋದಂತೆ ಪಶ್ಚಿಮ ಆಫ್ರಿಕಾದ ಕುಣಿತದ ಲಯ, ಅಮೆರಿಕದ ರ್‍ಯಾಪ್, ಆರ್ ಅಂಡ್ ಬಿ ಎಲ್ಲವೂ ಕೇಳುತ್ತವೆ. ಇಂಥ ಬೆರಕೆಯಾದಾಗೆಲ್ಲ 'ಇದು ರೆಗೆಯೇ ಅಲ್ಲ' ಎನ್ನುವವರು ಇದ್ದೇ ಇರುತ್ತಾರೆ. ನನ್ನ ಪ್ರಕಾರ ಆ ತಕರಾರಿನಲ್ಲಿ ಹುರುಳಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ.

ರೆಗೆ ಯಾವತ್ತೂ 'ಶುದ್ಧ'ವಾಗಿರಲಿಲ್ಲ. ಜಮೈಕಾದ ಜನಪದ ಮೆಂಟೋಗೆ ಅಮೆರಿಕದ ರೇಡಿಯೊದಿಂದ ತೇಲಿಬಂದ ಹಾಡುಗಳು ಸೇರಿ 'ಸ್ಕಾ' ಆಯಿತು. ಅದರ ವೇಗ ತಗ್ಗಿ 'ರಾಕ್‌ಸ್ಟೆಡಿ' ಬಂತು. 1968ರ ಹೊತ್ತಿಗೆ ಅದೇ ರೆಗೆಯಾಯಿತು. ಎಂಜಿನಿಯರಿಂಗ್ ಓದುವ ನನಗೆ ಹೆಚ್ಚು ಇಷ್ಟವಾದದ್ದು ಮುಂದಿನ ಕಥೆ. ರೆಗೆ ಕುರಿತೇ ಪ್ರಬಂಧ ಬರೆದು ಸಂಗೀತ ಪದವಿ ಮುಗಿಸಿದ ಹಿರೊಕೊ ಒಕುಡಾ ಎಂಬ ಯುವತಿ 1980ರಲ್ಲಿ ಜಪಾನಿನ ಕ್ಯಾಸಿಯೊ ಕಂಪನಿಗೆ ಕೆಲಸಕ್ಕೆ ಸೇರಿದಳು. ಎಂಟಿ-40 ಎಂಬ ಪುಟ್ಟ ಕೀಬೋರ್ಡ್‌ನಲ್ಲಿ ಗುಂಡಿ ಒತ್ತಿದರೆ ನುಡಿಯುವ ಸಿದ್ಧ ತಾಳಗಳನ್ನು ರೂಪಿಸಿದ್ದು ಅವಳೇ. ಅದರಲ್ಲೊಂದು ತಾಳ ಜಮೈಕಾದ ಹುಡುಗರ ಕೈಗೆ ಸಿಕ್ಕಿತು. 1985ರಲ್ಲಿ ವೇನ್ ಸ್ಮಿತ್ ಅದರ ಮೇಲೆ 'ಅಂಡರ್ ಮಿ ಸ್ಲೆಂಗ್ ಟೆಂಗ್' ಹಾಡಿದ. ಡ್ರಮ್ಸ್, ಬೇಸ್ ಗಿಟಾರ್ ನುಡಿಸುವ ತಂಡವಿಲ್ಲದೆಯೂ ಹಾಡು ಮಾಡಬಹುದೆಂದು ಎಲ್ಲರಿಗೂ ಗೊತ್ತಾಯಿತು. ಅದೇ ತಾಳಕ್ಕೆ ನೂರಾರು ಹಾಡು ಹುಟ್ಟಿದವು.

ಇದನ್ನು ಅಲ್ಲಿ 'ರಿಡಿಮ್' ಎನ್ನುತ್ತಾರೆ. ಒಬ್ಬರು ತಾಳ ಮತ್ತು ಬೇಸ್ ಕಟ್ಟುತ್ತಾರೆ, ಹತ್ತಾರು ಗಾಯಕರು ಅದರ ಮೇಲೆ ತಮ್ಮ ತಮ್ಮ ಮಾತು ಹಾಡುತ್ತಾರೆ. ನಮ್ಮಲ್ಲಿ ಒಂದೇ ಮಟ್ಟಿಗೆ ಹಲವು ಪದಗಳನ್ನು ಹಾಡುವುದಿಲ್ಲವೇ, ಹಾಗೆ. ಕಾಫಿಯ ಮೊದಲ ದಿನಗಳ 'ಬರ್ನಿಂಗ್' ಹಾಡು ಕೂಡ ಹೀಗೆ ಬೇರೆ ಗಾಯಕರೂ ಹಾಡಿದ 'ಔಜಿ' ಎಂಬ ರಿಡಿಮ್ ಮೇಲಿನದೇ. ತಂಡ ಕಟ್ಟಲು, ಸ್ಟುಡಿಯೊ ಬಾಡಿಗೆಗೆ ದುಡ್ಡಿಲ್ಲದವರು ಒಬ್ಬೊಬ್ಬರೇ ಮೇಲೆ ಬರಲು ಸಾಧ್ಯವಾಗುವುದು ಈ ವ್ಯವಸ್ಥೆಯಿಂದ. ಏಕವ್ಯಕ್ತಿ ಗಾಯನದ ಕೆಳಗೆ ಊರಿನವರೆಲ್ಲ ಹಂಚಿಕೊಂಡ ಅಡಿಪಾಯವಿದೆ.

ಆ ಅಡಿಪಾಯ ಯಾರ ಸ್ವತ್ತು ಎಂಬುದೇ ಕೋರ್ಟಿನ ಮೆಟ್ಟಿಲೇರಿದ ಪ್ರಶ್ನೆ. ಸ್ಟೀಲಿ ಮತ್ತು ಕ್ಲೀವಿ ಎಂಬ ಜಮೈಕಾದ ಜೋಡಿ 1989ರಲ್ಲಿ 'ಫಿಶ್ ಮಾರ್ಕೆಟ್' ಎಂಬ ರಿಡಿಮ್ ಕಟ್ಟಿತು. ಮರುವರ್ಷಗಳಲ್ಲಿ ಅದರ ಲಯ ಶಬಾ ರ್‍ಯಾಂಕ್ಸ್ ಹಾಡಿದ 'ಡೆಮ್ ಬೋ' ಮೂಲಕ ಪನಾಮ, ಪೋರ್ಟೊ ರಿಕೊ ತಲುಪಿತು. ಇಂದು ಕೋಟ್ಯಂತರ ಡಾಲರ್ ದುಡಿಯುವ ರೆಗೆಟಾನ್ ಸಂಗೀತದ ಬೆನ್ನೆಲುಬು ಅದೇ. ಸ್ಟೀಲಿ 2009ರಲ್ಲಿ ತೀರಿಕೊಂಡರು. ಕ್ಲೀವಿ ಮತ್ತು ಸ್ಟೀಲಿಯ ವಾರಸುದಾರರು 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಅದು ಬೆಳೆದು ಡ್ಯಾಡಿ ಯಾಂಕಿ, ಬ್ಯಾಡ್ ಬನ್ನಿ ಮುಂತಾದವರ ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಒಳಗೊಂಡಿತು. ಪ್ರಕರಣವನ್ನು ವಜಾ ಮಾಡಬೇಕೆಂಬ ಕೋರಿಕೆಯನ್ನು 2024ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ.

ಎರಡೂ ಕಡೆಯ ವಾದದಲ್ಲಿ ತೂಕವಿದೆ. ಲಯ ಎಲ್ಲರ ಸ್ವತ್ತು, ಅದಕ್ಕೆ ಬೇಲಿ ಹಾಕಬಾರದು ಎನ್ನುತ್ತಾರೆ ಪ್ರತಿವಾದಿಗಳು. ಬೇಲಿ ಬಿದ್ದರೆ ಮೊದಲು ಹೊರಗುಳಿಯುವುದು ಸ್ಪ್ಯಾನಿಷ್ ಟೌನ್‌ನ ಇನ್ನೊಬ್ಬ ಬಡ ಹುಡುಗಿ. ವಕೀಲರನ್ನು ಇಟ್ಟುಕೊಂಡ ದೊಡ್ಡ ಕಂಪನಿಗಳಿಗೆ ಏನೂ ಆಗದು. ಆದರೆ ಬೇಲಿ ಇಲ್ಲವೆಂದ ಮಾತ್ರಕ್ಕೆ ಬೆಳೆದವನಿಗೆ ಒಂದು ಕಾಳೂ ಸಿಗದಿರುವುದು ಯಾವ ನ್ಯಾಯ?

ಇದಕ್ಕೆ ನಮ್ಮ ಕಂಪ್ಯೂಟರ್ ಲೋಕದಲ್ಲಿ ಒಂದು ದಾರಿ ಹುಡುಕಿದ್ದಾರೆ. ಓಪನ್ ಸೋರ್ಸ್ ಕೋಡನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ಆದರೆ ಮೂಲದವರ ಹೆಸರು, ಲೈಸೆನ್ಸ್ ಅಳಿಸುವಂತಿಲ್ಲ. ಸಂಗೀತಕ್ಕೂ ಇಂಥದ್ದೇ ಒಪ್ಪಂದ ಬೇಕು: ಬಳಕೆ ಮುಕ್ತವಾಗಿರಲಿ, ಮೂಲದವರ ಹೆಸರು ಕಡ್ಡಾಯವಾಗಿರಲಿ, ಹಾಡು ದೊಡ್ಡ ಮೊತ್ತ ದುಡಿದಾಗ ಅವರಿಗೆ ಸಣ್ಣ ಪಾಲು ಸಲ್ಲಲಿ.

ಕೆಲಸ ಹುಡುಕುವ ನಮಗೆ ಎಲ್ಲರೂ ಹೇಳುವುದು 'ನಿನ್ನದೇ ಛಾಪು ಮೂಡಿಸು' ಎಂದು. ರೆಸ್ಯೂಮೆಯಲ್ಲಿ ಪ್ರಾಜೆಕ್ಟ್ ಬರೆಯುವಾಗ ನಾವೂ 'ನಾನೇ ಮಾಡಿದೆ' ಎಂದುಬಿಡುತ್ತೇವೆ. ಕಾಫಿಯ ದನಿ ಆಕೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೂ 'ಗಿಫ್ಟೆಡ್' ಆಲ್ಬಮ್‌ನ ಬಾಗಿಲಲ್ಲೇ ಆಕೆ ಮಾರ್ಲಿಯನ್ನು ನಿಲ್ಲಿಸಿದ್ದಾಳೆ. ಮುಂದಿನ ಇಂಟರ್‌ವ್ಯೂನಲ್ಲಿ 'ಇದರಲ್ಲಿ ನಿನ್ನ ಪಾಲೆಷ್ಟು' ಎಂದು ಕೇಳಿದರೆ, ನಮ್ಮ ಪಾಲನ್ನು ಹೇಳುವ ಮೊದಲು ಯಾರ ಕೋಡ್ ಮೇಲೆ ನಿಂತು ಕೆಲಸ ಮಾಡಿದೆವು ಎಂದು ಹೇಳೋಣ. ಅದರಿಂದ ನಮ್ಮ ಅಂಕ ಕಡಿಮೆಯಾಗದು.