ಉದ್ಯೋಗವೂ ಕಾಯದೆಯ ಬಲವೂ

ಕಳವು ದರೋಡೆಗಳು ಹೆಚ್ಚಿದವೆಂಬ ಕೂಗು ಎದ್ದೊಡನೆ, ಪೋಲೀಸರ ಸಂಖ್ಯೆಯನ್ನು ಹೆಚ್ಚಿಸಿರಿ, ಶಿಕ್ಷೆಯನ್ನು ಬಿಗಿಗೊಳಿಸಿರಿ ಎಂಬ ಬೇಡಿಕೆಯೂ ಅದರ ಬೆನ್ನಿಗೇ ಏಳುವದು. ಈ ಬೇಡಿಕೆಯು ಅನ್ಯಾಯದ್ದೆಂದು ನಾವು ಹೇಳುವದಿಲ್ಲ. ಪ್ರಜೆಗಳ ಪ್ರಾಣವನ್ನೂ ಸ್ವತ್ತನ್ನೂ ಕಾಯುವದು ಸರಕಾರದ ಮೊದಲನೆಯ ಧರ್ಮವೇ ಸರಿ. ಆದರೆ ಶಿಪಾಯಿಯ ಕೈಯಲ್ಲಿಯ ಕೋಲಿಗೆ ಬಲವು ಎಲ್ಲಿಂದ ಬರುವದೆಂಬುದನ್ನು ವಿಚಾರಿಸುವವರು ವಿರಳ. ಅದನ್ನೇ ಇಂದು ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಶಿಕ್ಷೆಯ ಭಯವು ನಾಟುವದು ಕಳೆದುಕೊಳ್ಳಲು ಏನಾದರೂ ಉಳ್ಳವನಿಗೆ. ತಿಂಗಳ ಸಂಬಳವುಳ್ಳವನಿಗೆ ಆರು ತಿಂಗಳ ತುರಂಗವಾಸವೆಂದರೆ ಸಂಬಳ ಹೋಯಿತು, ಊರೊಳಗಿನ ಮಾನ ಹೋಯಿತು, ಮಕ್ಕಳ ವಿದ್ಯೆಗೆ ಕುಂದು ಬಂದಿತು. ವರುಷಗಟ್ಟಲೆ ಕೆಲಸವಿಲ್ಲದೆ ಅಲೆಯುವವನಿಗಾದರೋ ಕಾಯದೆಯು ಕಸಿದುಕೊಳ್ಳತಕ್ಕದ್ದು ಬಹಳ ಉಳಿದಿರುವದಿಲ್ಲ. ಅಪರಾಧವನ್ನು ತಡೆಯುವದು ಶಿಕ್ಷೆಯ ಕ್ರೌರ್ಯವಲ್ಲ, ಅದರ ನಿಶ್ಚಯತೆ ಎಂದು ಇಟಲಿಯ ಬೆಕಾರಿಯಾ ಎಂಬ ಪಂಡಿತನು 1764ರಲ್ಲಿಯೇ ಪ್ರತಿಪಾದಿಸಿದನು. ಅಮೇರಿಕೆಯ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರನು 1968ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, ನ್ಯಾಯವಾದ ಗಳಿಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿದನು. ನ್ಯಾಯದ ಗಳಿಕೆಯ ತಟ್ಟೆಯು ಬರಿದಾದಲ್ಲಿ ಶಿಕ್ಷೆಯ ತಟ್ಟೆಯೊಂದನ್ನೇ ಎಷ್ಟು ಭಾರ ಮಾಡಿದರೇನು?

ಇದಕ್ಕೆ ಪರದೇಶದ ಸಾಕ್ಷಿಯೇ ಬೇಕೆಂದಿಲ್ಲ. ನಮ್ಮ ಕೊರಚ ಕೊರಮ ಜನರು ಒಂದು ಕಾಲಕ್ಕೆ ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ ವ್ಯಾಪಾರಸ್ಥರು. ಲಂಬಾಣಿಗಳಂತೂ ದಂಡುಗಳಿಗೇ ಧಾನ್ಯ ಒದಗಿಸಿದವರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯವೂ ಇಂಥ ಹೇರಾಳುಗಳನ್ನೇ ನಂಬಿದ್ದಿತು. ಬಳಿಕ ಸಡಕುಗಳಾದವು, ಉಗಿಬಂಡಿ ಬಂದಿತು, ಉಪ್ಪಿನ ಮೇಲೆ ಸರಕಾರದ ಹಿಡಿತವು ಬಿಗಿಯಾಯಿತು. ಹೇರಿನ ಎತ್ತಿಗೆ ಹೇರಿಲ್ಲದಾಯಿತು. ಕಸಬು ಕಳೆದುಕೊಂಡವರಿಗೆ ಬದಲು ಕಸಬನ್ನು ಕೊಡುವ ಬದಲಾಗಿ ಬ್ರಿಟಿಶ್ ಸರಕಾರವು ಕೊಟ್ಟದ್ದೇನು? 1871ರ ಅಪರಾಧಿ ಬುಡಕಟ್ಟುಗಳ ಕಾಯದೆ! ಮೊದಲು ಉತ್ತರ ಹಿಂದುಸ್ಥಾನದಲ್ಲಿದ್ದ ಈ ಕಾಯದೆಯು 1911ರಲ್ಲಿ ದಕ್ಷಿಣಕ್ಕೂ ಇಳಿಯಿತು. ಕದ್ದವನನ್ನಷ್ಟೇ ಅಲ್ಲ, ಕುಲಕ್ಕೆ ಕುಲವನ್ನೇ ಕಳ್ಳರೆಂದು ಸಾರಲು ಅದು ಅಧಿಕಾರವನ್ನು ಕೊಟ್ಟಿತು. ಹೆಸರು ಬರೆಯಿಸುವದು, ಬೆರಳೊತ್ತುವದು, ಹಾಜರಿ ಕೊಡುವದು, ಅಪ್ಪಣೆಯಿಲ್ಲದೆ ಊರು ಬಿಡದಿರುವದು!

ಹಾಜರಿಯ ಪುಸ್ತಕವು ಹೊಟ್ಟೆಯನ್ನು ತುಂಬಿಸಲಿಲ್ಲ. ಇದನ್ನು ಸರಕಾರವೇ ಮನಗಾಣಬೇಕಾಯಿತು. ಮುಂಬಯಿ ಇಲಾಖೆಯಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಯ ಕೈಯಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗು ಮುಂತಾದ ಕಡೆಗಳಲ್ಲಿ ‘ಸೆಟ್ಲಮೆಂಟು’ಗಳು ಏರ್ಪಟ್ಟು, ಅಲ್ಲಿಯವರನ್ನು ಗಿರಣಿ ಕಾರಖಾನೆಗಳ ಕೆಲಸಕ್ಕೆ ಹಚ್ಚಲಾಯಿತು. ಉದ್ಯೋಗವಿಲ್ಲದೆ ಕಾವಲು ನಿಷ್ಫಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಒಪ್ಪಿಗೆ ಬೇಕೆ? ಆದರೆ ಆ ಉದ್ಯೋಗವು ಸ್ವಾತಂತ್ರ್ಯವಿಲ್ಲದ ಉದ್ಯೋಗವಾಗಿದ್ದಿತು. ಬಿಟ್ಟುಹೋಗಲಾರದ ಕೂಲಿಕಾರನು ಗಿರಣಿಯ ಧನಿಗೆ ಲಾಭ. ಅವನಿಗೆ ಮಾತ್ರ ಅದೂ ಒಂದು ತುರಂಗವೇ.

1952ರ ಆಗಸ್ಟ ತಿಂಗಳಲ್ಲಿ ಆ ಕಾಯದೆಯು ದೇಶದಿಂದ ತೊಲಗಿತು. ಆದರೂ ಹಣೆಗೆ ಹಚ್ಚಿದ ಕಳಂಕವು ಕಾಯದೆಯೊಡನೆ ತೊಲಗಲಿಲ್ಲ. ಅದರ ಸ್ಥಾನಕ್ಕೆ ಪ್ರಾಂತಪ್ರಾಂತಗಳಲ್ಲಿ ‘ರೂಢಿಗತ ಅಪರಾಧಿ’ಗಳ ಕಾಯದೆಗಳು ಬಂದವು, ನಮ್ಮಲ್ಲಿಯೂ 1961ರಲ್ಲಿ ಅಂಥದೊಂದು ಆಯಿತು. ತುರಂಗಗಳಲ್ಲಿ ಜಾತಿ ನೋಡಿ ಕೆಲಸ ಹಂಚುವದೂ, ಈ ಕುಲಗಳವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವದೂ ರಾಜ್ಯಘಟನೆಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಲು 2024ರ ಅಕ್ಟೋಬರದ ವರೆಗೆ ಕಾಯಬೇಕಾಯಿತು.

ಈ ಮಾತು ಒಂದೆರಡು ಕುಲಗಳದಷ್ಟೇ ಅಲ್ಲ. 2022ರ ಸರಕಾರೀ ಲೆಕ್ಕದಂತೆ ದೇಶದ ತುರಂಗಗಳಲ್ಲಿದ್ದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರು ಖಟ್ಲೆಯು ಇನ್ನೂ ತೀರದವರು. ಜಾಮೀನು ದೊರೆತರೂ ಹಣ ಕಟ್ಟಲಾರದೆ, ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿಯುವವರು ಅವರಲ್ಲಿ ಉಂಟು. ಹೊರಗೆ ಬಂದವನಿಗೆ ಯಾವ ಅಂಗಡಿಕಾರನು ಕೆಲಸ ಕೊಟ್ಟಾನು? ಹೀಗೆ ನಿರುದ್ಯೋಗವು ಮನುಷ್ಯನನ್ನು ತುರಂಗಕ್ಕೆ ನೂಕುವದು, ತುರಂಗವು ಅವನನ್ನು ಮರಳಿ ನಿರುದ್ಯೋಗಕ್ಕೆ ನೂಕುವದು. ಪೋಲೀಸರು ಹಿಡಿದವನನ್ನೇ ಹಿಡಿಯುತ್ತ ಶ್ರಮಪಡುವರು.

ಕೆಲಸವಿಲ್ಲದವನೆಲ್ಲ ಕಳ್ಳನೋ ಎಂದು ಕೆಲವರು ಕೇಳಬಹುದು. ಸರ್ವಥಾ ಅಲ್ಲ. ಅಮೇರಿಕೆಯಲ್ಲಿ 2009ರಲ್ಲಿ ದುಡಿಯಬಯಸುವ ಹತ್ತು ಜನರಲ್ಲಿ ಒಬ್ಬನಿಗೆ ಕೆಲಸವಿಲ್ಲದಾದಾಗಲೂ ಅಪರಾಧಗಳು ಏರಲಿಲ್ಲ, ಇಳಿದವು. ಬಡವರ ಪ್ರಾಮಾಣಿಕತೆಯ ಮೇಲೆಯೇ ಲೋಕವು ನಿಂತಿದೆ. ಬಡತನವು ಅಪರಾಧವೆಂದು ನಾವು ಹೇಳುವದಿಲ್ಲ. ಬದುಕಿನ ದಾರಿಯನ್ನೇ ಮುಚ್ಚಿದಲ್ಲಿ ಬರಿಯ ಕಾವಲು ಸೋಲುವದೆಂದಷ್ಟೇ ನಮ್ಮ ಮಾತು.

ಆದುದರಿಂದ ಠಾಣೆಗಳಿಗೆ ವೆಚ್ಚ ಮಾಡುವ ಸರಕಾರವು ತುರಂಗದೊಳಗೆ ಹೊರಗೂ ಉಪಯೋಗವಾಗುವ ಕಸಬನ್ನು ಕಲಿಸಲಿ, ದುಡಿದುದಕ್ಕೆ ತಕ್ಕ ಕೂಲಿಯನ್ನು ಕೊಡಲಿ, ಬಿಡುಗಡೆಯಾದವನಿಗೆ ಮೊದಲಿನ ಕೆಲವು ತಿಂಗಳು ಕೆಲಸದ ಆಸರೆ ಕಲ್ಪಿಸಲಿ. ನಮ್ಮ ಶಿಕ್ಷಕ ಬಂಧುಗಳೂ ಒಂದು ಉಪಕಾರ ಮಾಡಬಲ್ಲರು. ತಾಂಡೆಯಿಂದಲೋ ಕೊರಚರ ಓಣಿಯಿಂದಲೋ ಬಂದ ಹುಡುಗನನ್ನು ವರ್ಗದಲ್ಲಿ ಏನಾದರೂ ಕಾಣೆಯಾದಾಗ ಮೊದಲು ತಡೆದು ಕೇಳುವ ರೂಢಿಯಿದ್ದರೆ ಅದನ್ನು ಇಂದೇ ಬಿಡಲಿ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾಣತನವು ನಮಗೆ ಸಾಕಾಗಿದೆ.